ಚೀಟಿಯ ಕೆಳಗಿನ ಕರು

ದಾವಣಗೆರೆಯಿಂದ ಬೆಳಗಿನ ಆರೂವರೆಯ ಬಸ್ಸಿಗೆ ಹೊರಟೆ. ಜನವರಿಯ ಚಳಿ. ಕಂಡಕ್ಟರು ಮಫ್ಲರಿನ ಒಳಗಿಂದಲೇ ಟಿಕೆಟ್ ಕೇಳುತ್ತಿದ್ದರು. ಮಂಡಿನೋವಿನಿಂದಾಗಿ ಮನೆಯಲ್ಲೇ ಉಳಿದ ನನ್ನ ಹೆಂಡತಿ ಗಿರಿಜಾ ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ಬಂದಿದ್ರೆ ನನಗೆ ಬಸ್ಸು ಪುಕ್ಕಟೆ. ದುಡ್ಡು ಕೊಟ್ಟು ಹೋಗೋರು ನೀವೇ" ಎಂದು ನಕ್ಕಿದ್ದಳು. "ಬರ್ತಾ ಒಂದು ಮೊಳಕಾಲ್ಮೂರು ಸೀರೆ ತರದಿದ್ರೆ ಒಳಗೆ ಸೇರ್ಸಲ್ಲ" ಎಂದೂ ಸೇರಿಸಿದ್ದಳು. ನನ್ನ ಕಾಲಿನಲ್ಲಿ ಹೊಸ ಬೂಟು, ಹೆಗಲಿನಲ್ಲಿ ಹಳೆಯ ಕ್ಯಾಮೆರಾ ಚೀಲ. ಮದುಮಗನ ಠೀವಿ ಏನೋ ಇತ್ತು, ವಯಸ್ಸು ಮಾತ್ರ ಅರವತ್ತಾರು.

ಠೀವಿಗೆ ಕಾರಣವಿತ್ತು. ನಲವತ್ತು ವರ್ಷ ನಾನು ಮದುವೆ ಫೋಟೋ ತೆಗೆದವನು. ನಾನು ತೆಗೆದ ಚಿತ್ರಗಳು ಸಾವಿರಾರು ಮನೆಗಳ ಗೋಡೆಯ ಮೇಲಿವೆ. ಆದರೆ ಒಂದರ ಕೆಳಗೂ ನನ್ನ ಹೆಸರಿಲ್ಲ. ಅಡುಗೆ ಭಟ್ಟರ ಹೆಸರನ್ನಾದರೂ ಉಂಡವರು ವಿಚಾರಿಸುತ್ತಾರೆ. ಫೋಟೋದವನ ಹೆಸರು ಯಾರಿಗೆ ಬೇಕು? ಹೀಗಿರುವಾಗ ಚಳ್ಳಕೆರೆಯಲ್ಲಿ ಇತಿಹಾಸ ಕಲಿಸುವ ಶೈಲಜಾ ಎಂಬ ಉಪನ್ಯಾಸಕಿ ಫೋನು ಮಾಡಿದ್ದರು. ಅವರೂ ಅವರ ಕೆಲವು ಸ್ನೇಹಿತರೂ ಸೇರಿ ಈ ಸೀಮೆಯ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದರು. ಹುಲ್ಲುಗಾವಲಿನ ಹಕ್ಕಿ ಪ್ರಾಣಿಗಳು ಮತ್ತು ಕಂಬಳಿಯ ಕಸುಬು ಚಳ್ಳಕೆರೆಯಲ್ಲಿ, ಹಳೆಯ ಛಾಯಾಚಿತ್ರಗಳು ಮೊಳಕಾಲ್ಮೂರಿನಲ್ಲಿ. ನನ್ನ ನೆಗೆಟಿವ್ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಎರಡು ತಿಂಗಳಾಗಿತ್ತು. ಅದರಿಂದ ಒಂದೇ ಒಂದು ಚಿತ್ರ ಆರಿಸಿದ್ದರು: ದೇವರ ಎತ್ತುಗಳ ನಡುವೆ ನಿಂತ ಕಿಲಾರಿ ಬೋರಯ್ಯ.

ದೇವರ ಎತ್ತುಗಳೆಂದರೆ ಈ ಭಾಗದ ಬುಡಕಟ್ಟಿನವರು ದೇವರಿಗೆ ಬಿಟ್ಟ ದನಗಳು. ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಹಸು, ಕರು, ಹೋರಿ ಎಲ್ಲ ಸೇರಿ 'ಎತ್ತು' ಎಂದೇ ಮಾತು. ಅವುಗಳನ್ನು ಕಾಯುವವನೇ ಕಿಲಾರಿ. ಮುಳ್ಳುಬೇಲಿಯ ರೊಪ್ಪದಲ್ಲಿ ದನಗಳಿದ್ದರೆ ಅದು ಗುಡಿಯೇ. ಒಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹತ್ತು ಗಂಟೆಯ ಹೊತ್ತಿಗೆ ಚಳ್ಳಕೆರೆಯಲ್ಲಿ ಇಳಿದೆ. ಊರಿಗೆ ಊರೇ ಶೇಂಗಾ ಹಿಂಡಿಯ ವಾಸನೆ. ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮೆಣಸಿನಕಾಯಿ ಬಜ್ಜಿ, ಒಂದು ಚಹಾ, ಎಲ್ಲ ಸೇರಿ ಅರವತ್ತು ರೂಪಾಯಿ. ದಾವಣಗೆರೆಯವನಾಗಿ ಬೇರೆ ಊರಿನ ಮಂಡಕ್ಕಿಯನ್ನು ಹೊಗಳಬಾರದು. ಆದರೂ ಹೊಟ್ಟೆ ತುಂಬಾ ತಿಂದೆ.

ಪ್ರದರ್ಶನ ಒಂದು ಸಮುದಾಯ ಭವನದಲ್ಲಿತ್ತು. ಬಾಗಿಲಲ್ಲೇ ದಾರಕ್ಕೆ ಕಟ್ಟಿದ ಪೆನ್ಸಿಲುಗಳು ನೇತಾಡುತ್ತಿದ್ದವು. ಪಕ್ಕದಲ್ಲಿ ಒಂದು ಫಲಕ: ಚೀಟಿಯಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ. ಇಂಥ ವಸ್ತುಪ್ರದರ್ಶನವನ್ನು ನಾನು ಎಲ್ಲೂ ಕಂಡಿರಲಿಲ್ಲ. ಮುಟ್ಟಬೇಡಿ, ಗದ್ದಲ ಮಾಡಬೇಡಿ ಎನ್ನುವ ಫಲಕಗಳನ್ನೇ ಓದಿ ಬೆಳೆದವರು ನಾವು.

ಒಳಗೆ ಗೋಡೆಯುದ್ದಕ್ಕೂ ಹುಲ್ಲಿನ ಕಟ್ಟುಗಳು. ನಮ್ಮ ಕಣ್ಣಿಗೆ ಹುಲ್ಲೆಲ್ಲ ಒಂದೇ ಹುಲ್ಲು. ಅಲ್ಲಿ ನೋಡಿದರೆ ಗರಿಕೆ ಬೇರೆ, ಗಂಜಿಗರಿಕೆ ಬೇರೆ, ಹಂಚಿ ಬೇರೆ. ಹಟ್ಟಿಯ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಒಂದು ಕಟ್ಟನ್ನು ಮೂಸಿ, ಚೀಟಿ ಓದಿಸಿ ಕೇಳಿ, "ಇದು ಹಂಚಿ ಹುಲ್ಲು ಅಂತ ಯಾವನಲೇ ಹೇಳಿದ್ದು? ದನ ಕೂಡ ನಗ್ತಾವೆ" ಎಂದು ಬೈಯುತ್ತಿದ್ದಳು. ಶೈಲಜಾ ಮೇಡಂ ಅವಳು ಹೇಳಿದ ಹೆಸರನ್ನು ನಗುನಗುತ್ತ ಬರೆದುಕೊಂಡರು. ನನ್ನ ಮಗಳ ವಯಸ್ಸಿನವರು, ನಡೆಯುವುದರಲ್ಲಿ ಓಡುವ ಚುರುಕು. "ಈ ಚೀಟಿಗಳಲ್ಲಿ ಅರ್ಧ ಹೀಗೆ ಬೈಸ್ಕೊಂಡೇ ಸರಿ ಆಗಿರೋದು ಸರ್" ಎಂದರು.

ಮುಂದಿನ ಮೇಜಿನ ಮೇಲೆ ಒಂದು ಚಿತ್ರವಿತ್ತು. ಒಣಗಿದ ಕೆಸರಿನಲ್ಲಿ ಮೂಡಿದ್ದ ದನದ ಗೊರಸಿನ ಗುರುತು. ಅದರೊಳಗೆ ನೆಲಗುಬ್ಬಿಯೊಂದು ಹುಲ್ಲು ಹಾಸಿ ಮೂರು ಮೊಟ್ಟೆ ಇಟ್ಟಿತ್ತು. ದನ ತುಳಿದು ಹೋದ ಜಾಗ ಹಕ್ಕಿಗೆ ಮನೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತೆ. ಇನ್ನೊಂದು ಮೂಲೆಯಲ್ಲಿ ಕಂಬಳಿ ನೇಯುವ ಹಿರಿಯರೊಬ್ಬರು ಹುಣಸೆಬೀಜದ ಗಂಜಿಯನ್ನು ಉದ್ದಕ್ಕೆ ಹಾಸಿದ ಉಣ್ಣೆಯ ನೂಲಿಗೆ ಬಳಿದು ತೋರಿಸುತ್ತಿದ್ದರು. ನನ್ನ ಕೈಗೂ ಕುಂಚ ಕೊಟ್ಟರು. ನಾನು ಬಳಿದ ಕಡೆಯೆಲ್ಲ ಗಂಟು ಬಿತ್ತು. "ಇರ್ಲಿ ಬಿಡ್ರಿ, ನಿಮ್ಮ ಹೆಂಡ್ರು ಹೊದಿಯೋ ಕಂಬ್ಳಿ ಅಲ್ವಲ್ಲ" ಎಂದು ಸಮಾಧಾನ ಹೇಳಿದರು. ಗುರುತು ಪರಿಚಯವಿಲ್ಲದ ನನಗೆ ಆ ಜನ ತಮ್ಮ ಕೆಲಸವನ್ನು ಬಿಚ್ಚಿ ತೋರಿಸಿದ ರೀತಿಗೆ ಮನಸ್ಸು ತುಂಬಿ ಬಂತು.

ಆ ರಾತ್ರಿ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹಿಡಿದೆ. ಐವತ್ತು ಕಿಲೋಮೀಟರಿನ ಮೇಲಾಗಬಹುದು, ಒಂದೂವರೆ ಗಂಟೆಯ ದಾರಿ. ತಳಕು ದಾಟಿದ ಮೇಲೆ ಬಯಲು ಇನ್ನೂ ಬಿಚ್ಚಿಕೊಂಡಿತು. ಆಮೇಲೆ ಬಂಡೆಯ ಗುಡ್ಡಗಳು ಒಂದೊಂದಾಗಿ ಎದ್ದವು. ಬಸ್ಸಿನೊಳಗೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಅಲ್ಲಿಯ ಜನಕ್ಕೆ ಅದು ಎರಡು ಭಾಷೆ ಅನ್ನಿಸುತ್ತಲೇ ಇರಲಿಲ್ಲ.

ಛಾಯಾಚಿತ್ರಗಳನ್ನು ನಿಂತುಹೋದ ಒಂದು ಮಗ್ಗದ ಶೆಡ್ಡಿನಲ್ಲಿ ತೂಗುಹಾಕಿದ್ದರು. ಮಗ್ಗದ ಗುಂಡಿಗಳು ಹಾಗೇ ಇದ್ದವು. ಅವುಗಳ ಮೇಲೆ ಹಲಗೆ ಹಾಸಿದ್ದರು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆ ದಾಟಿ ಬರುತ್ತಿತ್ತು. ಶೈಲಜಾ ನನಗಿಂತ ಮುಂಚೆ ಬಂದು ಕೆಲಸದಲ್ಲಿ ತೊಡಗಿದ್ದರು. "ಬನ್ನಿ ಸರ್, ನಿಮ್ದು ಕೊನೆಗೋಡೆಗೆ" ಎಂದು ಕರೆದುಕೊಂಡು ಹೋದರು.

ಬಾಗಿಲಿನಷ್ಟು ದೊಡ್ಡದಾಗಿ ಹಿಗ್ಗಿಸಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಸಂಜೆ. ನಾಯಕನಹಟ್ಟಿಯ ಹತ್ತಿರ ಒಂದು ಮದುವೆ ಮುಗಿಸಿ, ರೀಲಿನಲ್ಲಿ ಎರಡು ಚಿತ್ರ ಉಳಿದಿವೆ ಎಂದು ಬಯಲಿಗೆ ನಡೆದಿದ್ದೆ. ಮೇಯಿಸುತ್ತ ಮೇಯಿಸುತ್ತ ಅಲ್ಲಿಗೆ ಬಂದು ರೊಪ್ಪ ಹಾಕಿದ್ದ ಬೋರಯ್ಯ ಸಿಕ್ಕಿದ್ದರು. ಈಗ ನೋಡಿದರೆ ಕೊಂಬುಗಳ ಕಾಡಿನ ನಡುವೆ ಅವರು ಕಂಬಳಿ ಹೊದ್ದು ನಿಂತಿದ್ದಾರೆ. ಒಂದೊಂದು ದನದ ಕಣ್ಣಲ್ಲೂ ಸೂರ್ಯನ ಚುಕ್ಕಿ. ನಾನು ತೆಗೆದ ಚಿತ್ರ ನನಗೇ ಹೊಸದಾಗಿ ಕಂಡಿತು. ಕಣ್ಣು ಕೆಳಗೆ ಇಳಿಯಿತು. ಅಲ್ಲೇ ನಿಂತುಬಿಟ್ಟೆ.

ಎಡಗಡೆಯ ಕೆಳಮೂಲೆಯಲ್ಲಿ ಒಂದು ಬೂಟಿನ ತುದಿ ಇತ್ತು. ಚರ್ಮದ ಬೂಟು, ನನ್ನದು.

ಆ ಸಂಜೆ ಬೋರಯ್ಯ, "ಕಾಲಾಗಿಂದು ಬಿಟ್ಟು ಬರ್ರಿ" ಎಂದಿದ್ದರು. ನಾನು ಬಿಟ್ಟೂ ಇದ್ದೆ. ನಾಲ್ಕು ಹೆಜ್ಜೆಗೆ ನೆಗ್ಗಿಲ ಮುಳ್ಳು ಚುಚ್ಚಿತು. ಬೋರಯ್ಯ ದನಗಳನ್ನು ಬಳಸಿಕೊಂಡು ಆ ಕಡೆ ಹೋಗಿದ್ದರು. ಯಾರೂ ನೋಡುತ್ತಿಲ್ಲ ಎಂದು ಹಿಂದಕ್ಕೆ ಬಂದು ಬೂಟು ಮೆಟ್ಟಿಕೊಂಡು ಒಳಗೆ ಹೋದೆ. ನಡುವಿನ ದನಗಳ ಮರೆಯಲ್ಲಿ ನನ್ನ ಕಾಲು ಅವರಿಗೆ ಕಾಣದಂತೆ ನಿಂತು ಚಿತ್ರ ತೆಗೆದು, ಅವರು ಬರುವುದರೊಳಗೆ ಹೊರಗೆ ಬಂದು ನಿಂತೆ. ಅವರು ಕೊಟ್ಟ ಅಂಬಲಿ ಕುಡಿದು, ಕೈ ಮುಗಿದು ಬಂದೆ. ಅಂಗಡಿಯಲ್ಲಿ ಈ ಚಿತ್ರ ಅಚ್ಚು ಹಾಕಿದಾಗಲೆಲ್ಲ ಕೆಳಗಿನ ಎರಡು ಬೆರಳಗಲ ಕತ್ತರಿಸಿಯೇ ಹಾಕುತ್ತಿದ್ದೆ. ನೆಗೆಟಿವ್‌ನಲ್ಲಿ ಅದು ಇದ್ದೇ ಇದೆ ಎಂಬುದು ಮರೆತೇಹೋಗಿತ್ತು. ಕತ್ತರಿ ನಂಬಿದವನಿಗೆ ಆಗಬೇಕಾದದ್ದೇ ಆಯಿತು.

"ಸರ್, ಈ ಬೂಟು ಯಾರ್ದು?" ಎಂದು ಶೈಲಜಾ ಮೆಲ್ಲಗೆ ಕೇಳಿದರು.

"ನಂದೇ ಕಣಮ್ಮ."

ಅವರು ಚಿತ್ರದೊಳಗಿನ ಬೋರಯ್ಯನ ಮುಖ ನೋಡಿದರು. "ಸಂಜೆ ಬಾಗಿಲು ತೆಗೆಯೋರು ಬೋರಯ್ಯ ಅಜ್ಜಾನೇ. ಅವರ ರೊಪ್ಪ ಈಗ ಸಿದ್ದಾಪುರದ ಕಡೆ ಐತೆ, ಹೋಗಿ ಕರೆದು ಬಂದೀನಿ."

ಬದುಕಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷಕ್ಕೆ ಒಂದು ಗೋಡೆ ಸಿಕ್ಕಿದೆ, ಅದೇ ಗೋಡೆಯ ಮೇಲೆ ನನ್ನ ಕಳ್ಳತನವೂ ಬಾಗಿಲಿನಷ್ಟು ದೊಡ್ಡದಾಗಿ ನೇತಾಡುತ್ತಿದೆ. ಮೇಜಿನ ಮೇಲೆ ಚಿತ್ರದ ಚೀಟಿ ಸಿದ್ಧವಾಗಿತ್ತು. ಅಂಗೈ ಅಗಲದ ದಪ್ಪ ರಟ್ಟು: ಛಾಯಾಚಿತ್ರ, ಹಾಲೇಶಪ್ಪ, ದಾವಣಗೆರೆ. "ಇದನ್ನ ಆ ಮೂಲೆಗೇ ಅಂಟಿಸಬಹುದಲ್ಲ?" ಎಂದೆ.

"ಅಲ್ಲಿ ಒಂದು ಕರು ಮಲಗೈತಲ್ಲ ಸರ್. ಅದೂ ಮುಚ್ಚಿಹೋಗುತ್ತೆ."

ನಿಜ, ಬೂಟಿನ ಪಕ್ಕದಲ್ಲೇ ಒಂದು ಎಳಗರು ಮುದುರಿಕೊಂಡು ಮಲಗಿತ್ತು. "ಇಷ್ಟು ದನ ಇರುವಾಗ ಒಂದು ಕರು ಹೋದ್ರೆ ಏನಾಗುತ್ತೆ?" ಎಂದುಬಿಟ್ಟೆ.

"ಚಿತ್ರ ನಿಮ್ದು ಸರ್, ನೀವು ಹೇಳ್ದಂಗೆ" ಎಂದು ಅಂಟಿನ ಡಬ್ಬಿ ನನ್ನ ಕೈಗೇ ಕೊಟ್ಟರು. ನಾನೇ ಅಂಟಿಸಿದೆ.

ಬಾಗಿಲು ತೆರೆಯುವುದು ಸಂಜೆ ನಾಲ್ಕಕ್ಕೆ, ಅಲ್ಲಿಯವರೆಗೆ ಬ್ರಹ್ಮಗಿರಿ ನೋಡಿ ಬನ್ನಿ ಎಂದು ಒಂದು ಆಟೋ ಮಾಡಿಕೊಟ್ಟರು. ಹೋಗಿಬರಲು ಐನೂರು ರೂಪಾಯಿ. ಗುಡ್ಡದ ಬುಡದಲ್ಲಿ ಅಶೋಕನ ಶಾಸನದ ಬಂಡೆ. ಅದಕ್ಕೊಂದು ಸೂರು ಕಟ್ಟಿದ್ದಾರೆ. ಅಕ್ಷರ ಸವೆದಿವೆ, ಲಿಪಿಯಂತೂ ನನಗೆ ಬಾರದು. ಜೊತೆಗೆ ಬಂದ ಆಟೋದವನು ಶಾಲೆಯಲ್ಲಿ ಕಲಿತದ್ದನ್ನು ಒಪ್ಪಿಸಿದ: "ತಾಯಿ ತಂದೆ ಮಾತು ಕೇಳ್ಬೇಕು, ಪ್ರಾಣಿಗಳ ಮ್ಯಾಲೆ ದಯೆ ಇರ್ಬೇಕು, ಸತ್ಯ ಹೇಳ್ಬೇಕು ಅಂತ ಬರ್ಸವ್ನೆ ಸಾರ್." ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿ ನನ್ನ ಬೂಟಿನ ವಿಚಾರ ಎತ್ತಿದಂತಾಗಿ, ಬೇಗ ಬೇಗ ಆಟೋ ಹತ್ತಿದೆ.

ನಾಲ್ಕು ಗಂಟೆಗೆ ಶೆಡ್ಡಿನ ಮುಂದೆ ಜನ ಸೇರಿದ್ದರು. ಬೋರಯ್ಯ ಬಂದರು. ಎಂಬತ್ತರ ಆಸುಪಾಸು, ಅದೇ ಎತ್ತರ, ಬರಿಗಾಲು. ಬಾಗಿಲಿನಿಂದಲೇ ಕೊನೆಯ ಗೋಡೆಯ ದನಗಳು ಕಂಡವು. ಅವರು ನಿಂತು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿದ್ದವರು ಒಬ್ಬರಾದ ಮೇಲೊಬ್ಬರು ಚಪ್ಪಲಿ ಬಿಟ್ಟರು. ಯಾರೂ ಯಾರಿಗೂ ಹೇಳಲಿಲ್ಲ. ನಾನೂ ಹೊಸ ಬೂಟು ಕಳಚಿದೆ.

ಬೋರಯ್ಯ ಬೇರೆ ಯಾವ ಚಿತ್ರದ ಮುಂದೆಯೂ ನಿಲ್ಲದೆ ನೇರ ಅಲ್ಲಿಗೆ ಹೋದರು. "ಅಜ್ಜ, ಇದು ನೀವೇ, ನೋಡಿ" ಎಂದರು ಶೈಲಜಾ. "ಹೂಂ, ಇರ್ಲಿ ಬಿಡವ್ವ" ಎಂದು ತಮ್ಮನ್ನು ದಾಟಿ ದನಗಳ ಕಡೆ ಬೆರಳು ಸರಿಸಿದರು. ಕಿಲಾರಿಗಳು ದನವನ್ನು ಒಂದು ಎರಡು ಎಂದು ಎಣಿಸುವುದಿಲ್ಲವಂತೆ; ಹೆಸರು ಹಿಡಿದೇ ಎಣಿಕೆ. "ಗೌರಿ... ಮುತ್ಯಾಲಿ... ಚುಕ್ಕಿ... ನಲ್ಲಾವು..." ಒಂದೊಂದು ಹೆಸರಿಗೂ ಬೆರಳು ಒಂದೊಂದು ಬೆನ್ನಿನ ಮೇಲೆ ನಿಲ್ಲುತ್ತಿತ್ತು. ಅವೆಲ್ಲ ಎಂದೋ ಮಣ್ಣು ಸೇರಿದ ದನಗಳು. ಬೆರಳು ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಅಲ್ಲಿಗೇ ಬಂದು ನಿಂತರು.

"ಕೆಂದಿ ಎಲ್ಲಿ?" ಎಂದರು. "ಅವತ್ತು ಹುಟ್ಟಿ ಮೂರು ದಿನ ಆಗಿತ್ತು. ಇಲ್ಲೇ ಇರ್ಬೇಕಲ್ಲ. ಒಂದು ಕಮ್ಮಿ ಐತೆ."

ಶೈಲಜಾ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ.

ಬೋರಯ್ಯ ಚೀಟಿಯ ಮೇಲೆ ಬೆರಳಿಟ್ಟರು. "ಇದ್ರಾಗೆ ಏನು ಬರ್ದೈತವ್ವ?"

ನಾನೇ ಮುಂದೆ ಬಂದೆ. "ನನ್ನ ಹೆಸರು ಅಜ್ಜ. ಹಾಲೇಶಪ್ಪ ಅಂತ. ಈ ಫೋಟೋ ಹಿಡಿದವನು ನಾನೇ."

"ಹೌದಾ? ನಿಮ್ಮ ಹೆಸ್ರು ಅಡ್ಡ ಬಂದೈತಲ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಬೈಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಉಗುರು ತೂರಿಸಿ ಚೀಟಿ ಎಬ್ಬಿಸಿದೆ. ಅಂಟು ಪೂರ್ತಿ ಒಣಗಿರಲಿಲ್ಲ. ಕರುವಿನ ಮುಖ ಮೊದಲು ಬಂತು, ಆಮೇಲೆ ಮಡಿಸಿದ ಕಾಲು, ಕೊನೆಗೆ ಬೂಟು.

"ರಾವೇ ತಲ್ಲಿ", ಬಾರೇ ತಾಯಿ, ಎಂದರು ಬೋರಯ್ಯ. ದನಗಳ ಹತ್ತಿರ ಅವರದು ತೆಲುಗು, ನಮ್ಮ ಹತ್ತಿರ ಕನ್ನಡ. ಕರುವಿನ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿ, "ಈಗಿರೋ ದನದಾಗೆ ಅರ್ಧ ಇದ್ರ ಹೊಟ್ಟೇವೇ" ಎಂದರು. ಅವರ ಕಣ್ಣು ತುಂಬಿತ್ತು. ಆ ಕಣ್ಣಿಗೇ ಬೂಟೂ ಬಿತ್ತು. ಬೆರಳು ಹಿಂದೆ ಸರಿಯಿತು.

"ಅದು ನಂದು" ಎಂದೆ. "ನೀವು ಬಿಟ್ಟು ಬನ್ನಿ ಅಂದಿದ್ರಿ. ಮುಳ್ಳು ಚುಚ್ತು ಅಂತ ನಿಮಗೆ ಕಾಣದಂಗೆ ಮತ್ತೆ ಹಾಕ್ಕೊಂಡೆ. ಇವತ್ತೂ ಮುಚ್ಚಿಡೋಣ ಅಂತ ನಾನೇ ಚೀಟಿ ಅಂಟಿಸಿದೆ. ತಪ್ಪಾಯ್ತು ಅಜ್ಜ."

ಪಕ್ಕದ ಮನೆಯ ಮಗ್ಗ ಕಟಕಟ ಎನ್ನುತ್ತಿತ್ತು. "ಅವುಗಳ ಜಾತಿ ಚರ್ಮನೇ ಮೆಟ್ಕೊಂಡು ಅವುಗಳ ಮನಿಗೆ ಹೋದ್ರಿ" ಎಂದರು ಕೊನೆಗೆ. ನಾನು ತಲೆ ತಗ್ಗಿಸಿದೆ. "ಮಾಫಿ ಮಾಡೋಕೆ ನಾನ್ಯಾರು ಸ್ವಾಮಿ? ನಾನು ಕಾಯೋನು. ನಾಳೆ ಹೊತ್ತು ಮೂಡೋ ಹೊತ್ತಿಗೆ ರೊಪ್ಪಕ್ಕೆ ಬರ್ರಿ. ಹೇಳೋದನ್ನ ಅಲ್ಲಿ ಹೇಳ್ರಿ." ಹೊರಡುವಾಗ ತಿರುಗಿ, "ಚಿತ್ರ ಹಂಗೇ ಇರ್ಲವ್ವ, ಮುಚ್ಬ್ಯಾಡ. ಕೆಂದಿ ಕಾಣ್ಲಿ" ಎಂದರು. ಶೈಲಜಾ ಚೀಟಿಯನ್ನು ಗೋಡೆಯ ಮೇಲೆ, ಚಿತ್ರದಿಂದ ದೂರಕ್ಕೆ ಅಂಟಿಸಿದರು.

ಅಂದು ಊಟ ಸೇರಲಿಲ್ಲ. ಪ್ರದರ್ಶನ ಮುಗಿದ ಮೇಲೆ ನೇಕಾರರೊಬ್ಬರ ಮನೆಗೆ ಹೋಗಿ ಗಿರಿಜಾಳಿಗೆ ಸೀರೆ ಕೊಂಡೆ. ನವಿಲಿನ ಬಣ್ಣದ ಒಡಲು, ಕುಂಕುಮದ ಅಂಚು. ಬೆಲೆ ಅವಳಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅದೇ ಆಟೋದಲ್ಲಿ ಸಿದ್ದಾಪುರದ ದಾರಿ ಹಿಡಿದೆವು. ಬೂಟನ್ನೂ ಕ್ಯಾಮೆರಾವನ್ನೂ ರಾತ್ರಿ ಉಳಿದಿದ್ದ ಮೊಳಕಾಲ್ಮೂರಿನ ಲಾಡ್ಜಿನಲ್ಲೇ ಬಿಟ್ಟಿದ್ದೆ. ಆಟೋ ನಿಂತ ಜಾಗದಿಂದ ರೊಪ್ಪಕ್ಕೆ ಅರ್ಧ ಫರ್ಲಾಂಗು ನಡಿಗೆ. ಮುಳ್ಳು ಅಂದು ಇದ್ದಷ್ಟೇ ಇದ್ದವು. ಅಂಗಾಲು ಮಾತ್ರ ಇನ್ನೂ ಮೆತ್ತಗಾಗಿತ್ತು. ಬೇಲಿಯ ಒಳಗೆ ದನಗಳು ಮಲಗಿ ಮೆಲುಕು ಹಾಕುತ್ತಿದ್ದವು. ಉಸಿರು ಆವಿಯಾಗಿ ಏಳುತ್ತಿತ್ತು. ಬೋರಯ್ಯ ಏನೂ ವಿಚಾರಿಸದೆ ದಾರಿ ಬಿಟ್ಟರು. ನಡುವೆ ಹೋಗಿ ನಿಂತೆ. "ತಪ್ಪಾಯ್ತು" ಎಂದೆ. ಒಂದು ಹಸು ಕಿವಿ ಅಲುಗಿಸಿತು. ಅಷ್ಟೇ ಆಯಿತು.

"ಬಂದೋರು ಸುಮ್ನೆ ಯಾಕೆ ನಿಂತೀರಿ? ಸಗಣಿ ಬಾಚ್ರಿ" ಎಂದು ಮಂಕರಿಬುಟ್ಟಿಯನ್ನು ನನ್ನ ಕಡೆ ತಳ್ಳಿದರು. ಬಾಚಿದೆ. ಸೊಂಟ ಹಿಡಿಯಿತು. "ಫೋಟೋಗಿಂತ ಇದು ಬೇಷ್ ಐತೆ" ಎಂದು ಅವರು ಮೊದಲ ಸಲ ನಕ್ಕರು. ಆಮೇಲೆ ತಮ್ಮ ಬುತ್ತಿಯ ರಾಗಿರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾಚಟ್ನಿ ಹಚ್ಚಿ ಕೊಟ್ಟರು. ಹಿಂದಿನ ರಾತ್ರಿ ಸೇರದ ಊಟ ಆಗ ಸೇರಿತು. ಅಷ್ಟು ರುಚಿಯಾದದ್ದನ್ನು ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ಸಂಜೆಗೆ ದಾವಣಗೆರೆ ಸೇರಿದೆ. ಗಿರಿಜಾ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿಟ್ಟು, ನನ್ನ ಕುಂಟು ನಡಿಗೆ ಕಂಡು ಪಿನ್ನು ತಂದಳು. ನನ್ನ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಬಗೆಯುತ್ತ, "ಅಲ್ಲ, ಮೂರು ದಿನ ಹೋಗಿ ಬಂದ್ರಲ್ಲ, ಫೋಟೋ ಎಲ್ಲಿ?" ಎಂದಳು. ಒಂದೂ ಇರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಬಾಯಿಮಾತಿನಲ್ಲೇ ತೋರಿಸಬೇಕಾಯಿತು.

ಹೀಗಿತ್ತು ಕಣೇ, ಎಂದೆ. ಬಿಸಿಲು ಬಂಡೆಯ ನೆತ್ತಿಗೆ ಬಂದಿತ್ತು. ಬೋರಯ್ಯ ರೊಪ್ಪದ ಬಾಯಿಗೆ ಇಟ್ಟಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿ ಪಕ್ಕಕ್ಕೆ ನಿಂತರು. ದನಗಳು ಮೇಯಲು ಒಂದೊಂದಾಗಿ ಹೊರಟವು. ಪ್ರತಿ ದನದ ಬೆನ್ನಿಗೂ ಅಂಗೈ ತಾಗಿಸಿ ಹೆಸರು ಹೇಳುತ್ತಿದ್ದರು. ಗೌರಿ. ಮಾರಿ. ಬಸವಿ. ಸೂರಿ. ಚಿತ್ರದ ಕೆಂದಿಯ ಮೊಮ್ಮಗಳ ಮಗಳೋ ಏನೋ, ಅದೂ ಒಂದು ಕೆಂದಿ. ಕೊನೆಯ ಕರುವೂ ದಾಟಿತು. ಒಳಗೆ ಉಳಿದವನು ನಾನೊಬ್ಬನೇ, ಕೈತುಂಬ ಸಗಣಿ. ಅವರು ಬಾಗಿಲು ಹಾಕಿಕೊಳ್ಳಲಿ ಎಂದು ತಲೆ ತಗ್ಗಿಸಿ ಬೇಗ ಬೇಗ ಹೊರಗೆ ಬಂದೆ. ದಾಟುವಾಗ ಬೆನ್ನಿನ ಮೇಲೆ ಅಂಗೈ ಬಿತ್ತು.

"ಹಾಲೇಶ" ಎಂದರು.